ಸಾಕುವವನ ಧರ್ಮ

ಕನ್ನಡನಾಡಿನ ಮನೆಗಳಿಗೆ ಹಲ್ಲಿಯು ಕರೆಯದೆ ಬಂದ ಅತಿಥಿ. ಅದು ಲೊಚಗುಟ್ಟಿದರೆ ಆಡಿದ ಮಾತು ನಿಜವೆನ್ನುವರು. ಮೈಮೇಲೆ ಬಿದ್ದರೆ ಪಂಚಾಂಗವನ್ನು ತೆರೆದು ಫಲವನ್ನು ನೋಡುವರು. ಆದರೆ ಅದಕ್ಕೆ ಆಹಾರವನ್ನು ಕೊಡಬೇಕೆಂದಾಗಲಿ ವಾಸಸ್ಥಾನವನ್ನು ಕಲ್ಪಿಸಬೇಕೆಂದಾಗಲಿ ಯಾರೂ ಎಣಿಸುವುದಿಲ್ಲ. ದೀಪದ ಬಳಿಗೆ ಬರುವ ಹುಳುಗಳನ್ನು ತಿಂದು ಅದು ತನ್ನ ಪಾಡಿಗೆ ತಾನು ಬದುಕುತ್ತದೆ. ಅದು ಹಸಿದು ಸತ್ತರೆ ಮನೆಯವರಿಗೆ ದೋಷವಿಲ್ಲ. ಅದೇ ವರ್ಗದ ಮತ್ತೊಂದು ಪ್ರಾಣಿಯನ್ನು ಮನುಷ್ಯನು ಬೇಕೆಂದು ತಂದು ಗಾಜಿನ ಪೆಟ್ಟಿಗೆಯಲ್ಲಿಟ್ಟನೆಂದರೆ ಸ್ಥಿತಿಯೇ ಬೇರೆಯಾಗುತ್ತದೆ. ಹಾಗೆ ತಂದವನಿಗೆ ಅದರ ವಿಷಯದಲ್ಲಿ ಎಷ್ಟರ ಮಟ್ಟಿನ ಹೊಣೆಯುಂಟು? ಪ್ರತಿಯಾಗಿ ಏನನ್ನೂ ಕೊಡಲಾರದ ಜೀವಕ್ಕೆ ಮನುಷ್ಯನು ಋಣಿಯಾಗಬಲ್ಲನೆ? ಇದು ವಿಚಾರಮಾಡತಕ್ಕ ವಿಷಯವು.

ಇದಕ್ಕೆ ಒಳ್ಳೆಯ ನಿದರ್ಶನವಾಗಿ ‘ಲೆಪರ್ಡ್ ಗೆಕೊ’ ಎಂದು ಕರೆಯಲ್ಪಡುವ ಚಿರತೆಹಲ್ಲಿಯನ್ನು ತೆಗೆದುಕೊಳ್ಳಬಹುದು. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತನು 1854ರಲ್ಲಿ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದನು. ಆಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ಭಾರತದ ವಾಯವ್ಯ ಭಾಗದ ಒಣ ಕಲ್ಲುನೆಲವು ಇದರ ತೌರು. ಹಳದಿಯ ಮೈಮೇಲೆ ಕರಿಯ ಚುಕ್ಕೆಗಳು. ಹೆಚ್ಚಿನ ಹಲ್ಲಿಗಳಿಗಿಲ್ಲದ ಮುಚ್ಚಿ ತೆರೆಯುವ ರೆಪ್ಪೆಗಳು ಇದಕ್ಕುಂಟು. ಬೆರಳುಗಳಲ್ಲಿ ಅಂಟುವ ಶಕ್ತಿಯಿಲ್ಲದ ಕಾರಣ ಗೋಡೆಯನ್ನು ಹತ್ತಲಾರದು. ಹಗಲೆಲ್ಲ ಬಿರುಕುಗಳಲ್ಲಿ ಅಡಗಿದ್ದು ಮಬ್ಬಿನ ವೇಳೆಗೆ ಬೇಟೆಗೆ ಹೊರಡುತ್ತದೆ. ಬರಗಾಲಕ್ಕೆಂದು ಕೊಬ್ಬನ್ನು ಬಾಲದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಸಾಧುಸ್ವಭಾವದ್ದಾದುದರಿಂದ ಯೂರೋಪ್ ಅಮೆರಿಕಗಳಲ್ಲಿ ಇದು ಅನೇಕ ತಲೆಮಾರುಗಳಿಂದ ಮನೆಗಳಲ್ಲಿಯೇ ಹುಟ್ಟಿ ಬೆಳೆಯುತ್ತಿದೆ. ಚೆನ್ನಾಗಿ ನೋಡಿಕೊಂಡರೆ 15–20 ವರ್ಷ ಬದುಕುತ್ತದೆ.

ಕಾಡಿನಲ್ಲಿ ಈ ಪ್ರಾಣಿಯು ಚಳಿಯಾದರೆ ಬಿಸಿಲು ಕಾಯಿಸಿದ ಕಲ್ಲನ್ನು ಅಪ್ಪಿಕೊಳ್ಳುತ್ತದೆ; ಸೆಕೆಯಾದರೆ ಆಳದ ಬಿಲಕ್ಕಿಳಿಯುತ್ತದೆ. ಅದರ ರಕ್ತಕ್ಕೆ ಸ್ವಂತ ಶಾಖವಿಲ್ಲವಾದುದರಿಂದ ಸ್ಥಳವನ್ನು ಬದಲಾಯಿಸುವುದೇ ಅದರ ಜೀವನೋಪಾಯವು. ಪೆಟ್ಟಿಗೆಯಲ್ಲಿ ಈ ಸ್ವಾತಂತ್ರ್ಯವು ಇಲ್ಲವಾಗುತ್ತದೆ. ಆದಕಾರಣ ಕಸಿದುಕೊಂಡ ಆಯ್ಕೆಯನ್ನು ಸಾಧ್ಯವಾದಷ್ಟು ಹಿಂದಕ್ಕೆ ಕೊಡುವುದೇ ಸಾಕುವವನ ಮೊದಲನೆಯ ಕರ್ತವ್ಯವು. ಪೆಟ್ಟಿಗೆಯ ಒಂದು ಕೊನೆಯ ನೆಲವು ಸುಮಾರು 32 ಡಿಗ್ರಿ ಸೆಂಟಿಗ್ರೇಡಿನಷ್ಟು ಬೆಚ್ಚಗಿರಬೇಕು. ಇನ್ನೊಂದು ಕೊನೆಯು 25ರ ಸುಮಾರಿನಲ್ಲಿ ತಂಪಾಗಿರಬೇಕು. ಎರಡು ಕಡೆಯೂ ಅಡಗುದಾಣಗಳಿರಬೇಕು. ಮೂರನೆಯದೊಂದರಲ್ಲಿ ಒದ್ದೆಯ ಪಾಚಿಯನ್ನಿಡಬೇಕು. ಪೊರೆ ಬಿಡುವಾಗ ತೇವವು ದೊರೆಯದಿದ್ದರೆ ಹಳೆಯ ಚರ್ಮವು ಬೆರಳುಗಳಿಗೆ ಬಿಗಿದು ರಕ್ತಸಂಚಾರವನ್ನು ತಡೆಯುತ್ತದೆ, ಕೊನೆಗೆ ಬೆರಳುಗಳೇ ಉದುರುತ್ತವೆ. ಕಾಯಿಸುವ ಸಾಧನಕ್ಕೆ ಉಷ್ಣನಿಯಂತ್ರಕವಿಲ್ಲದಿದ್ದರೆ ಹೊಟ್ಟೆಯು ಸುಡುವುದು. ಸಡಿಲವಾದ ಮರಳನ್ನು ಹಾಸಿದರೆ ಮರಿಯು ಆಹಾರದೊಡನೆ ಅದನ್ನೂ ನುಂಗಿ ಕರುಳು ಕಟ್ಟಿ ಸಾಯಬಹುದು. ಇವೆಲ್ಲವೂ ಸಣ್ಣ ಸಂಗತಿಗಳೆಂದು ತೋರಬಹುದು. ಆದರೆ ಪೆಟ್ಟಿಗೆಯೊಳಗಿನ ಜೀವಕ್ಕೆ ಇವೇ ಋತುಗಳು, ಇವೇ ಹಗಲಿರುಳುಗಳು.

ಆಹಾರದ ವಿಷಯದಲ್ಲಿಯೂ ಹೀಗೆಯೇ. ಚಿರತೆಹಲ್ಲಿಯು ಕೀಟಗಳನ್ನಲ್ಲದೆ ಸೊಪ್ಪುಹಣ್ಣುಗಳನ್ನು ತಿಂದು ಬದುಕಲಾರದು. ಮಿಡತೆಯ ಜಾತಿಯ ಹುಳುಗಳು, ಜಿರಲೆಗಳು, ಹಿಟ್ಟಿನಲ್ಲಿ ಹುಟ್ಟುವ ಹುಳುಗಳು ಇದಕ್ಕೆ ಯೋಗ್ಯವಾದವು. ಮರಿಗೆ ದಿನವೂ, ಬೆಳೆದುದಕ್ಕೆ ಎರಡು ಮೂರು ದಿನಗಳಿಗೊಮ್ಮೆ ಕೊಟ್ಟರೆ ಸಾಕು. ಆದರೆ ಈ ಕೀಟಗಳಲ್ಲಿ ಕ್ಯಾಲ್ಸಿಯಮ್ಮು ಬಹಳ ಕಡಿಮೆ. ಆದುದರಿಂದ ಅವುಗಳಿಗೆ ಮೊದಲು ಒಳ್ಳೆಯ ಮೇವನ್ನು ತಿನ್ನಿಸಿ, ಬಳಿಕ ಸುಣ್ಣದ ಅಂಶವುಳ್ಳ ಪುಡಿಯನ್ನೂ ಡಿ3 ಜೀವಸತ್ವವನ್ನೂ ಸವರಿ ಕೊಡಬೇಕು. ಇಲ್ಲವಾದರೆ ಎಲುಬುಗಳು ಮೆತ್ತಗಾಗಿ ದವಡೆಯು ಸೊಟ್ಟಗಾಗುವುದು. ಮಿಂಚುಹುಳುವನ್ನಂತೂ ಕೊಡಲೇಬಾರದು, ಅದರ ವಿಷವು ಹಲ್ಲಿಯನ್ನು ಕೊಲ್ಲಬಲ್ಲುದು. ಅಕ್ಕರೆಯಿಂದ ಅತಿಯಾಗಿ ತಿನ್ನಿಸುವುದೂ ಕೇಡೇ. ಹೀಗಿರುವಲ್ಲಿ ಪ್ರೀತಿಯಿದ್ದರೆ ಸಾಕು, ತಿಳಿವಳಿಕೆಯು ತಾನಾಗಿ ಬರುವುದೆಂಬ ಮಾತು ನಿಲ್ಲದು. ತಿಳಿಯುವ ಶ್ರಮವನ್ನು ವಹಿಸದವನ ಪ್ರೀತಿಯಿಂದ ಪ್ರಾಣಿಗೆ ಆಗುವ ಪ್ರಯೋಜನವು ಸ್ವಲ್ಪವೇ.

ಇಲ್ಲಿ ಅಹಿಂಸಾಪರರು ಒಂದು ಆಕ್ಷೇಪವನ್ನೆತ್ತಬಹುದು: ಒಂದು ಜೀವವನ್ನು ಸಾಕುವುದಕ್ಕಾಗಿ ಸಾವಿರಾರು ಜೀವಗಳನ್ನು ಬಲಿಗೊಡುವುದು ಧರ್ಮವೆ? ಈ ಆಕ್ಷೇಪವು ತಳ್ಳಿಹಾಕತಕ್ಕುದಲ್ಲ. ಶಿಬಿ ಚಕ್ರವರ್ತಿಯ ಕಥೆಯು ಎಲ್ಲರಿಗೂ ತಿಳಿದಿದೆ. ಪಾರಿವಾಳಕ್ಕೆ ಅಭಯವನ್ನಿತ್ತ ಅರಸನು ಗಿಡುಗದ ಹಸಿವು ಸುಳ್ಳೆಂದು ಹೇಳಲಿಲ್ಲ. ಎರಡರ ಹಕ್ಕನ್ನೂ ಒಪ್ಪಿ ತನ್ನ ಮಾಂಸವನ್ನು ತಕ್ಕಡಿಯಲ್ಲಿಟ್ಟನು. ಕಾಡಿನ ಹಲ್ಲಿಯು ಕೀಟವನ್ನು ತಿಂದರೆ ಅದು ಪ್ರಕೃತಿಯ ವ್ಯವಹಾರವು. ಮನೆಯ ಹಲ್ಲಿಗೆ ಕೀಟವನ್ನು ಕೊಡುವ ಕೈ ಮನುಷ್ಯನದು; ಆ ಲೆಕ್ಕವೂ ಅವನದೇ. ಈ ಲೆಕ್ಕವು ಸಹಿಸಲಾರದ್ದೆಂದು ಕಂಡವನು ಪ್ರಾಣಿಯನ್ನು ತರದಿರುವುದೇ ನ್ಯಾಯವು. ತಂದ ಮೇಲೆ ತನ್ನ ವ್ರತವನ್ನು ಅದರ ಹೊಟ್ಟೆಯ ಮೇಲೆ ಹೊರಿಸಿ, ತಿನ್ನಲಾರದುದನ್ನು ತಿನ್ನಿಸಹೋಗುವುದು ಅಹಿಂಸೆಯಲ್ಲ, ಹಿಂಸೆಯೇ. ಇನ್ನು ಕೊಡುವ ಕೀಟಗಳನ್ನಾದರೂ ಅವು ಇರುವವರೆಗೆ ಹಸಿವು ಇಕ್ಕಟ್ಟುಗಳಿಲ್ಲದಂತೆ ಇಡುವುದು ಸಾಧ್ಯವಾದ ಮಾತು.

ಮತ್ತೊಂದು ಆಕ್ಷೇಪವು ಇದಕ್ಕೆ ವಿರುದ್ಧವಾದುದು: ನಾಯಿಯು ಬಾಲವನ್ನಾಡಿಸುತ್ತದೆ, ಹಸುವು ಹಾಲನ್ನು ಕೊಡುತ್ತದೆ, ಈ ಹಲ್ಲಿಯು ಕೊಡುವುದೇನು? ನಿಜವಾಗಿ ಏನೂ ಇಲ್ಲ. ಅದು ಒಂಟಿಯಾಗಿ ಬಾಳುವ ಪ್ರಾಣಿ. ಸಾಕಿದವನ ಕೈಗೆ ಒಗ್ಗಿಕೊಳ್ಳಬಹುದು. ಭಯಪಟ್ಟರೆ ಬಾಲವನ್ನೇ ಕಳಚಿ ಓಡುವುದು. ಬಾಲವು ಮತ್ತೆ ಬೆಳೆಯುವುದಾದರೂ ಮೊದಲಿನ ರೂಪವು ಬಾರದು. ಆದರೆ ಉಪಕಾರಕ್ಕೆ ಪ್ರತ್ಯುಪಕಾರವು ಬರುವಲ್ಲಿ ಧರ್ಮವೂ ಲಾಭವೂ ಬೆರೆತಿರುವುದರಿಂದ ಮನುಷ್ಯನು ಯಾವುದರಿಂದ ಪ್ರೇರಿತನಾದನೆಂದು ಹೇಳುವುದು ಕಷ್ಟ. ಏನೂ ಬಾರದಲ್ಲಿ ಕರ್ತವ್ಯವೊಂದೇ ಉಳಿಯುತ್ತದೆ. ಋಣವು ಹುಟ್ಟುವುದು ಪ್ರಾಣಿಯ ಕೃತಜ್ಞತೆಯಿಂದಲ್ಲ. ಅದರ ಸ್ವಾಧೀನದಲ್ಲಿದ್ದ ಬಾಳನ್ನು ತನ್ನ ಸ್ವಾಧೀನಕ್ಕೆ ತೆಗೆದುಕೊಂಡ ಮನುಷ್ಯನ ಕಾರ್ಯದಿಂದ.

ಈ ಸ್ವಾಧೀನವು ಎಷ್ಟು ದೂರ ಹೋಗುವುದೆಂಬುದನ್ನು ನೋಡಬೇಕು. ಚಿರತೆಹಲ್ಲಿಯ ಮೊಟ್ಟೆಯನ್ನು 26 ಡಿಗ್ರಿಯ ಸುಮಾರಿನಲ್ಲಿಟ್ಟರೆ ಹೆಚ್ಚಾಗಿ ಹೆಣ್ಣುಮರಿಗಳೂ, 32ನ್ನು ಸ್ವಲ್ಪ ಮೀರಿದರೆ ಹೆಚ್ಚಾಗಿ ಗಂಡುಗಳೂ ಹುಟ್ಟುವುವು. ಹೀಗೆ ಹುಟ್ಟುವ ಮೊದಲೇ ಅದರ ವಿಧಿಯು ಸಾಕುವವನ ಕೈಯಲ್ಲಿರುತ್ತದೆ. ಈ ಅಧಿಕಾರವನ್ನು ಕಣ್ಣಿನ ಸೊಗಸಿಗಾಗಿ ಬಳಸಿದವರೂ ಉಂಟು. ‘ಲೆಮನ್ ಫ್ರಾಸ್ಟ್’ ಎಂಬ ಹೊಳೆಯುವ ಬಣ್ಣದ ತಳಿಯು ಬಹು ಬೆಲೆಯುಳ್ಳದ್ದಾಗಿದ್ದಿತು. ಆ ತಳಿಯ ನೂರರಲ್ಲಿ ಎಂಬತ್ತಕ್ಕಿಂತ ಹೆಚ್ಚು ಹಲ್ಲಿಗಳಿಗೆ ಚರ್ಮದಲ್ಲಿ ಗೆಡ್ಡೆಗಳೇಳುವುವೆಂದೂ, ಬಣ್ಣವೂ ರೋಗವೂ ಒಂದೇ ಅನುವಂಶಿಕ ದೋಷಕ್ಕೆ ಸಂಬಂಧಿಸಿದುವೆಂದೂ ಅಮೆರಿಕದ ವಿಜ್ಞಾನಿಗಳು 2021ರಲ್ಲಿ ಪ್ರಕಟಪಡಿಸಿದರು. ‘ಎನಿಗ್ಮ’ ಎಂಬ ಮತ್ತೊಂದು ತಳಿಯ ಹಲ್ಲಿಗಳು ನರದೋಷದಿಂದ ತಲೆಯನ್ನು ವಾಲಿಸಿಕೊಂಡು ಸುತ್ತಿದಲ್ಲಿಯೇ ಸುತ್ತುವುವು. ಅಜ್ಞಾನದಿಂದ ಆದ ತಪ್ಪಿಗೆ ಕ್ಷಮೆಯುಂಟು. ತಿಳಿದ ಮೇಲೂ ಅಂಥ ತಳಿಯನ್ನು ಬೆಳೆಸುವುದಕ್ಕೆ ಯಾವ ಸಮಾಧಾನವೂ ಇಲ್ಲ.

ಹಾಗಾದರೆ ಬಂಧನವೇ ಅನ್ಯಾಯವಲ್ಲವೆ? ಕಾಡಿನಿಂದ ಹಿಡಿದು ತಂದುದರ ವಿಷಯದಲ್ಲಿ ಹೌದೆಂದೇ ಹೇಳಬೇಕು. ಆದರೆ ತಲೆಮಾರುಗಳಿಂದ ಪೆಟ್ಟಿಗೆಯಲ್ಲಿ ಹುಟ್ಟಿದುದನ್ನು ಕಾಡಿಗೆ ಬಿಡುವುದು ಬಿಡುಗಡೆಯಲ್ಲ, ಕೈಬಿಡುವುದು. ಅದಕ್ಕೆ ಸಲ್ಲತಕ್ಕುದು ಸರಿಯಾದ ಮನೆ, ಸರಿಯಾದ ಆಹಾರ, ಕೊನೆಯವರೆಗಿನ ಕಾವಲು. ಇಂದು ಹತ್ತು ವರ್ಷದ ಮಗುವಿನ ಹಟಕ್ಕಾಗಿ ತಂದ ಹಲ್ಲಿಯು ಆ ಮಗುವಿಗೆ ಮದುವೆಯಾಗುವ ಕಾಲಕ್ಕೂ ಬದುಕಿರಬಹುದು. ಅಷ್ಟು ದೂರದ ಮಾತನ್ನು ಕೊಡಲಾಪದವರು ಪೆಟ್ಟಿಗೆಯನ್ನು ಕೊಳ್ಳದಿರುವುದು ಮೇಲು. ಕೊಂಡವರು ಪ್ರತಿದಿನವೂ ನೀರಿನ ಬಟ್ಟಲನ್ನು ತುಂಬುವ ಚಿಕ್ಕ ಕೆಲಸದಲ್ಲಿ ಆ ಮಾತನ್ನು ನಡೆಸುತ್ತಿರಬೇಕು.