ಮೊದಲ ಗಂಟು

ಮುಂಗಾರು ಹದವಾಗಿ ಬಿದ್ದು ಭತ್ತದ ಗದ್ದೆ ತುಂಬ ಗರಿ ಬಿಚ್ಚಿಕೊಂಡ ಹೊತ್ತಿಗೆ, ಅರಿಶಿನದ ನೆತ್ತಿಯ ಗಂಡು ಗೀಜಗವೊಂದು ಗರಿಯ ಬುಡದಲ್ಲಿ ಕೂತು, ಅಂಚಿಗೆ ಕೊಕ್ಕಿನಿಂದ ಸಣ್ಣ ಕಚ್ಚು ಹಾಕಿ, ಆ ತುದಿಯನ್ನು ಕಚ್ಚಿ ಹಿಡಿದು ಹಾರಿಬಿಡುತ್ತದೆ. ಹಾರಿದ ರಭಸಕ್ಕೇ ಮೈಗಿಂತ ಉದ್ದದ ಹಸಿ ಎಳೆಯೊಂದು ಸರ್ರನೆ ಸೀಳಿಕೊಂಡು ಅದರ ಹಿಂದೆ ತೇಲುತ್ತದೆ. ಬಾವಿಯ ಮೇಲೆ ಬಾಗಿದ ಈಚಲ ಗರಿಗೋ ಜಾಲಿಯ ಮುಳ್ಳುಕೊಂಬೆಗೋ ಅದನ್ನು ಒಯ್ದು, ಕಾಲಿನಿಂದ ಒತ್ತಿ ಹಿಡಿದು, ಒಮ್ಮೆ ಒಳಗೆ ಒಮ್ಮೆ ಹೊರಗೆ ತೂರಿಸಿ, ಹಕ್ಕಿ ಮೊದಲ ಗಂಟು ಹಾಕುತ್ತದೆ. ಗಾಳಿಗೆ ಕೊಂಬೆ ತೂಗುತ್ತದೆ, ಹಕ್ಕಿ ತೂಗುತ್ತದೆ, ಕೆಳಗಿನ ಕಪ್ಪು ನೀರಿನಲ್ಲಿ ಎರಡರ ನೆರಳೂ ತೂಗುತ್ತದೆ. ಗೂಡೆಂಬುದು ಇನ್ನೂ ಎಲ್ಲೂ ಇಲ್ಲ.

ಒಂದು ಗೂಡು ಮುಗಿಯಲು ಸುಮಾರು 18 ದಿನ; ಎಳೆ ತರಲು ಹೋಗಿಬರುವುದು 500 ಸಲದವರೆಗೂ ಆದೀತು. ಈ ಲೆಕ್ಕ ನಮ್ಮದು, ಗೀಜಗದ್ದಲ್ಲ. ಅದರ ಪಾಲಿಗೆ ಕೊಕ್ಕಿನಲ್ಲಿರುವ ಎಳೆಯಷ್ಟೇ ಇದ್ದೀತು. ಗಂಟಿಗೆ ಗಂಟು ಕೂಡಿ ತೊಟ್ಟಾಗಿ, ತೊಟ್ಟಿನಿಂದೊಂದು ಬಳೆ ಇಳಿದು, ಆ ಬಳೆಯಲ್ಲಿ ಕಾಲೂರಿ ತನ್ನ ಕೊಕ್ಕು ಎಟುಕುವಷ್ಟು ದೂರ ಹೆಣೆಯುತ್ತ ಹೋಗುವಾಗ, ಬರಿಯ ಗಾಳಿಯಿದ್ದಲ್ಲಿ ನಿಧಾನವಾಗಿ ಒಂದು ಒಳಗು ಹುಟ್ಟುತ್ತದೆ, ಹಸಿ ಹುಲ್ಲಿನ ವಾಸನೆಯ, ಹಸಿರು ನೆರಳಿನ ಒಳಗು. ನಿನ್ನೆಯ ಎಳೆ ಒಣಗಿ ಹೊನ್ನಾಗಿರುತ್ತದೆ, ಇಂದಿನದು ಇನ್ನೂ ಹಸಿರು; ಗೂಡಿನ ಮೈಮೇಲೆ ದಿನಗಳು ಬಣ್ಣಬಣ್ಣವಾಗಿ ಕಾಣುತ್ತವೆ.

ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ಅರ್ಧ ಗೂಡು. ಎಂಟು ದಿನದ ಹೊತ್ತಿಗೆ ಗೂಡು ಕೆಳಗಡೆ ಬಾಯ್ದೆರೆದು ತೂಗುತ್ತಿರುತ್ತದೆ. ಪಕ್ಷಿತಜ್ಞರು ಅದನ್ನು ಶಿರಸ್ತ್ರಾಣ ಎನ್ನುತ್ತಾರೆ. ಗಂಡು ಅದರ ಒಳಗೋಡೆಗೆ ಹಸಿಮಣ್ಣು ಮೆತ್ತುತ್ತದೆ. ಆ ಮಣ್ಣಿಗೆ ಮಿಂಚುಹುಳು ಅಂಟಿಸಿ ಗೀಜಗ ದೀಪ ಹಚ್ಚುತ್ತದೆಂದು ಹಳ್ಳಿಯವರು ಹೇಳುವುದುಂಟು. ನಿಜವಲ್ಲದಿದ್ದರೂ ಆ ಮಾತನ್ನು ಬಿಟ್ಟುಕೊಡಲು ಮನಸ್ಸಾಗುವುದಿಲ್ಲ. ಮುಗಿಯದ ಈ ಗೂಡಿಗೇ ಜೋತುಬಿದ್ದು, ರೆಕ್ಕೆ ಬಡಿದು, ಅದು ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಬಂದು ಒಳಹೊಕ್ಕು, ಎಳೆ ಜಗ್ಗಿ ನೋಡುತ್ತದೆ. ಒಪ್ಪಿದರೆ ಮೊಟ್ಟೆಯ ಕೋಣೆ ಮುಚ್ಚಿಕೊಂಡು ಉದ್ದನೆಯ ಕೊಳವೆ ಇಳಿಯುತ್ತದೆ. ಒಪ್ಪದಿದ್ದರೆ ಅರ್ಧ ಗೂಡು ಅಲ್ಲೇ ತೂಗುತ್ತಿರಲು, ಗಂಡು ಮತ್ತೆ ಗದ್ದೆಗೆ ಹಾರಿ, ಇನ್ನೊಂದು ಗರಿಯ ಅಂಚಿಗೆ ಕಚ್ಚು ಹಾಕುತ್ತದೆ. 1930ರ ಮಳೆಗಾಲದಲ್ಲಿ ಮುಂಬೈ ಬಳಿಯ ಕಿಹಿಮ್‌ನಲ್ಲಿ ಇದನ್ನೆಲ್ಲ ದಿನಗಟ್ಟಲೆ ಕೂತು ನೋಡಿದ ಪಕ್ಷಿತಜ್ಞ ಸಲೀಂ ಅಲಿ, ಒಪ್ಪಿತವಾದ ಗೂಡು ಮುಗಿದ ಮೇಲೂ ಗಂಡು ಹೊಸ ಗೂಡು, ಹೊಸ ಸಂಸಾರ ಹೂಡುವುದನ್ನು ಗುರುತಿಸಿದರು. ಅದಕ್ಕೆ ಬಿಡುವೆಂಬುದೇ ಇಲ್ಲ!

ಸುಗ್ಗಿ ಮುಗಿದಾಗ ಈಚಲ ತುದಿಯಲ್ಲಿ ಬರಿದಾದ ಗೂಡುಗಳು ಕಂಡರೆ, ಚಂದವೆಂದು ಕಿತ್ತು ತಂದು ಪಡಸಾಲೆಗೆ ತೂಗುಹಾಕಬೇಡಿ. ಗೀಜಗ ಬಿಟ್ಟುಹೋದ ಗೂಡುಗಳಲ್ಲಿ ರಾಟವಾಳ ಹಕ್ಕಿಗಳು ಮರಿ ಮಾಡುತ್ತವೆ.