ದಯೆಗೆ ಮೇರೆಯುಂಟೆ?

ಗಿರಿಯಲ್ಲಿ ನೆಲಸಿದವನು ಕಾಡುಪ್ರಾಣಿಗಳಿಗೆ ಅಳುಕುವುದು ತರವಲ್ಲವೆಂಬ ದೃಷ್ಟಾಂತವನ್ನು ಅಕ್ಕಮಹಾದೇವಿಯವರು ತಮ್ಮ ಸುಪ್ರಸಿದ್ಧ ವಚನವೊಂದರಲ್ಲಿ ಕೊಟ್ಟಿರುವರು. ಲೋಕದ ಸ್ತುತಿನಿಂದೆಗಳಿಗೆ ಕದಲದೆ ಸಮಾಧಾನಿಯಾಗಿರಬೇಕೆಂಬುದೇ ಆ ವಚನದ ತಾತ್ಪರ್ಯ. ಆದರೆ ದೃಷ್ಟಾಂತವೂ ತನ್ನಷ್ಟಕ್ಕೆ ಒಂದು ಉಪದೇಶವಾಗಿರುವುದು.

ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿರುವ ಅಂಜನಾಪುರದ ಗೃಹಸ್ಥರಿಗೆ ಈ ಉಪದೇಶವು ಇಂದು ಅಕ್ಷರಶಃ ಅನ್ವಯಿಸುವುದು. ಒಂದು ಕಡೆ ತುರಹಳ್ಳಿಯ ಕಾಡು. ದಕ್ಷಿಣಕ್ಕೆ 1974ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಬನ್ನೇರುಘಟ್ಟದ ಅರಣ್ಯ. ನಡುವಿನ ಹೊಲಗಳಲ್ಲಿ ಬಡಾವಣೆಗಳು ಎದ್ದಿವೆ. 2022ರ ಡಿಸೆಂಬರಿನಲ್ಲಿ ತುರಹಳ್ಳಿಯ ಸುತ್ತ ಚಿರತೆ ಕಾಣಿಸಿಕೊಂಡಾಗ ಜನರು ಭಯಗ್ರಸ್ತರಾದರು. ಭಯವು ಸಹಜವೇ. ಆದರೆ ಚಿರತೆಯು ನಗರಕ್ಕೆ ಬಂದಿತೋ, ನಗರವೇ ಚಿರತೆಯ ಬಾಗಿಲಿಗೆ ಹೋಯಿತೋ ಎಂಬುದು ವಿಚಾರಾರ್ಹವಾದುದು.

ಈ ಅರಣ್ಯವು ಬನ್ನೇರುಘಟ್ಟದಲ್ಲಿಯೇ ಮುಗಿಯದೆ, ದಕ್ಷಿಣಕ್ಕೆ ಸಾಗಿ ಕಾವೇರಿ ವನ್ಯಜೀವಿಧಾಮವನ್ನು ಕೂಡಿ, ಮಲೆ ಮಹದೇಶ್ವರ ಬೆಟ್ಟದವರೆಗೆ ಹಬ್ಬಿರುವುದು. ಆ ಬೆಟ್ಟದ ಮಾದಪ್ಪನು ಹುಲಿಯನ್ನೇರಿ ಸಂಚರಿಸಿದ ಮಹಿಮಾವಂತ. ಭಕ್ತರು ಇಂದಿಗೂ ಅಲ್ಲಿ ಹುಲಿವಾಹನದ ಸೇವೆಯನ್ನು ಸಲ್ಲಿಸಿ ಧನ್ಯರಾಗುವರು. ಆದರೆ ಅದೇ ಬೆಟ್ಟದ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ 2025ರ ಜೂನ್ 26ರಂದು ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತು ಬಿದ್ದುದು ಕಂಡಿತು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷವಿಕ್ಕಲಾಗಿತ್ತು. ವಾಹನಕ್ಕೆ ಆರತಿ, ಜೀವಕ್ಕೆ ವಿಷ! ಇದಕ್ಕಿಂತ ದೊಡ್ಡ ವಿಪರ್ಯಾಸವಾವುದು?

ಹಸುವನ್ನು ಕಳೆದುಕೊಂಡವನ ಸಂಕಟವು ಅಲ್ಪವಾದುದಲ್ಲ. ಬಡವನ ಮನೆಯಲ್ಲಿ ಹಸುವೆಂದರೆ ಮಕ್ಕಳಿಗೆ ಹಾಲು, ಹೊಲಕ್ಕೆ ಗೊಬ್ಬರ, ಕಷ್ಟಕಾಲಕ್ಕೆ ಆಸರೆ. ಹಸುವಿನ ಮೇಲಿನ ದಯೆಯಿಂದಲೇ ಹುಲಿಯನ್ನು ಕೊಲ್ಲಬೇಕಾಯಿತೆಂದು ಕೆಲವರು ಹೇಳಬಹುದು. ಆದರೆ ತನಗೆ ಉಪಕಾರಿಯಾದ ಸಾಧುಪ್ರಾಣಿಯಲ್ಲಿ ಮಾತ್ರ ಹುಟ್ಟುವುದು ಮಮಕಾರವೇ ಹೊರತು ದಯೆಯಲ್ಲ. ಧರ್ಮಕ್ಕೆ ದಯೆಯನ್ನೇ ಆಧಾರವಾಗಿ ಬೋಧಿಸಿದ ಬಸವಾದಿ ಶರಣರು, ಕೋಡುಳ್ಳವಕ್ಕೊಂದು ದಯೆ, ಕೋರೆಯುಳ್ಳವಕ್ಕೊಂದು ದಯೆ ಎಂದು ವಿಂಗಡಿಸಲಿಲ್ಲ. ಹುಲಿಯು ಮಾಂಸವನ್ನುಣ್ಣುವುದು ಸ್ವಭಾವದಿಂದ; ಮಾನವನು ವಿಷವಿಕ್ಕುವುದು ಸಂಕಲ್ಪದಿಂದ. ಪಾಪವು ಸಂಕಲ್ಪವನ್ನೇ ಅನುಸರಿಸುವುದು. ಅಲ್ಲದೆ ಆ ವಿಷವು ಹದ್ದು, ನರಿ, ನಾಯಿ ಯಾವುದನ್ನೂ ಬಿಡದು.

ಕಾಯಕವಿಲ್ಲದ ಜೀವನವು ಶರಣರಿಗೆ ಸಮ್ಮತವಲ್ಲ. ಅರಣ್ಯದಲ್ಲಿ ಹುಲಿ ಚಿರತೆಗಳಿಗೂ ಒಂದು ಕಾಯಕವುಂಟು. ಹುಲಿಯೊಂದು ಸುಮಾರು ವಾರಕ್ಕೊಂದು ದೊಡ್ಡ ಪ್ರಾಣಿಯನ್ನು ಬೇಟೆಯಾಡುವುದು. ಇದರಿಂದ ಜಿಂಕೆ, ಕಡವೆ, ಕಾಡುಹಂದಿಗಳ ಸಂಖ್ಯೆಯು ಮಿತಿಯಲ್ಲಿರುವುದು. ಅವು ಮಿತಿಮೀರಿದರೆ ಎಳೆಯ ಸಸಿಗಳು ಮರವಾಗದೆ ಮೇವಾಗುವುವು; ಹಸುರು ತೆಳುವಾದಲ್ಲಿ ಮಳೆಯ ನೀರು ಮಣ್ಣನ್ನು ಕೊಚ್ಚಿಕೊಂಡು ಹೋಗುವುದು; ಕಾಡಂಚಿನ ರಾಗಿಯ ಹೊಲವು ಹಂದಿಗಳ ಪಾಲಾಗುವುದು. ಹೀಗೆ ಹುಲಿಯನ್ನು ಕಳೆದುಕೊಂಡ ಕಾಡಿನ ನಷ್ಟವು ಕಡೆಗೆ ಒಕ್ಕಲಿಗನ ಅಂಗಳಕ್ಕೇ ಬರುವುದು. 1973ರಲ್ಲಿ ಹುಲಿ ಯೋಜನೆಯು ಬಂಡೀಪುರವೂ ಸೇರಿ ಒಂಬತ್ತು ತಾಣಗಳಲ್ಲಿ ಆರಂಭವಾಯಿತು. 2022ರ ಗಣತಿಯಲ್ಲಿ ಕರ್ನಾಟಕದಲ್ಲಿ 563 ಹುಲಿಗಳೆಂದು ಅಂದಾಜಾಯಿತು. ಅರ್ಧ ಶತಮಾನದ ಈ ರಕ್ಷಣೆಯ ಫಲದಲ್ಲಿ ಐದು ಜೀವಗಳನ್ನು ಒಂದೇ ಕಳೇಬರವು ನುಂಗಿತು.

ಹಾಗಾದರೆ ಸದ್ಭಕ್ತರ ಆಚಾರವೇನು? ಕಾಡಂಚಿನಲ್ಲಿ ಮಾಂಸದ ಕಸವನ್ನೂ ಎಂಜಲನ್ನೂ ಸುರಿಯಬಾರದು. ಕಸಕ್ಕೆ ನಾಯಿ, ನಾಯಿಗೆ ಚಿರತೆ ಬರುವುದು. ರಾತ್ರಿಯಲ್ಲಿ ದನಕರುಗಳನ್ನು ಭದ್ರವಾದ ಕೊಟ್ಟಿಗೆಯಲ್ಲಿ ಕಟ್ಟಬೇಕು. ಮುಸ್ಸಂಜೆಯಲ್ಲಿ ಮಕ್ಕಳನ್ನು ಒಂಟಿಯಾಗಿ ಕಳುಹಿಸಬಾರದು. ಚಿರತೆ ಕಂಡಲ್ಲಿ ಗುಂಪುಗೂಡಿ ಕಲ್ಲೆಸೆಯದೆ ಅರಣ್ಯ ಇಲಾಖೆಗೆ ತಿಳಿಸಬೇಕು. ವನ್ಯಮೃಗಕ್ಕೆ ಬಲಿಯಾದ ದನಕ್ಕೆ ಸರ್ಕಾರದಿಂದ ಪರಿಹಾರವುಂಟು; ಅದು ಕೈಸೇರುವವರೆಗೆ ದನ ಕಳೆದುಕೊಂಡ ನೆರೆಯವನಿಗೆ ಹಾಲನ್ನೋ ಹಣವನ್ನೋ ಕೊಟ್ಟು ಆತುಕೊಳ್ಳುವುದು ದಾಸೋಹವೇ ಆಗಿರುವುದು. ಆತನ ಕಣ್ಣೀರನ್ನು ಒರೆಸದೆ ಹುಲಿಯನ್ನು ಉಳಿಸಿರೆಂದು ಬೋಧಿಸುವುದೂ ಅರ್ಧದಯೆಯೇ. ಅವನ ಮನೆಯಲ್ಲಿ ಒಲೆ ಉರಿದರೆ ಅವನ ಕೈಗೆ ವಿಷ ಬಾರದು.

ಕಾಡಿನ ನೆರೆಯನ್ನು ತಾನೇ ಬಯಸಿ ಬಂದವನು ನೆರೆಯವರನ್ನು ಅರಿತು ಬಾಳಬೇಕು. ಹಸುವಿಗೂ ಹುಲಿಗೂ ಉಸಿರನ್ನಿತ್ತ ಶಿವನು ಸರ್ವರಿಗೂ ಆ ಅರಿವನ್ನು ಕರುಣಿಸಲಿ.