ಕರುಣೆಯೊಂದೇ ಸಾಕೋ?



ಕಂಪ್ಲಿಯ ಕಡೆಯ ಒಬ್ಬ ತಂದೆಯು ಹತ್ತನೆಯ ತರಗತಿ ಮುಗಿಸಿದ ತನ್ನ ಮಗಳನ್ನು ಕರಕೊಂಡು ನಮ್ಮ ಮನೆಗೆ ಬಂದು, “ಅಯ್ಯಾ, ಇವಳು ದಾದಿಯಾಗಬೇಕೆನ್ನುತ್ತಾಳೆ. ಆರು ತಿಂಗಳಲ್ಲಿ ಪ್ರಮಾಣಪತ್ರ ಕೊಡುವ ಒಂದು ಶಾಲೆ ಇದೆಯಂತೆ. ಹುಡುಗಿಯ ಮನಸ್ಸು ಮೃದುವಾದದ್ದು. ಅಷ್ಟು ಕಲಿತರೆ ಸಾಲದೋ?” ಎಂದು ಕೇಳಿದನು. ಈ ಪ್ರಶ್ನೆಯು ಖರ್ಚಿನ ಪ್ರಶ್ನೆಯಂತೆ ತೋರಿದರೂ ಧರ್ಮದ ಪ್ರಶ್ನೆಯೇ ಆಗಿದೆ.

ಇಂಥ ಆಲೋಚನೆಗೆ ಮನೆಯವರು ಕೂತಾಗ ತಂದೆಯು ಹಣದ ಮಾತಾಡುವನು. ತಾಯಿಯು ಮದುವೆಯ ಮಾತಾಡುವಳು. ಮಗಳು ತನ್ನ ಆಶೆಯನ್ನು ಹೇಳುವಳು. ಆದರೆ ಮುಂದೊಂದು ದಿನ ಆ ಮಗಳ ಕೈಗೆ ಪ್ರಾಣವನ್ನು ಒಪ್ಪಿಸುವ ರೋಗಿಯು ಅಲ್ಲಿ ಕೂತಿರುವದಿಲ್ಲ. ಅವನ ಪರವಾಗಿ ಮಾತಾಡುವವರು ಯಾರು? ಕೂಸಿಗೆ ಕೊಡುವ ಔಷಧದ ಲೆಕ್ಕದಲ್ಲಿ ಒಂದು ಚುಕ್ಕೆ ತಪ್ಪಿದರೆ ಹತ್ತರಷ್ಟು ಮದ್ದು ಒಳಗೆ ಹೋಗುವದು. ಆಗ ಮೃದುವಾದ ಮನಸ್ಸು ಅಳಬಲ್ಲದೇ ಹೊರತು ಕೂಸನ್ನು ಉಳಿಸಲಾರದು. ಫ್ಲಾರೆನ್ಸ್ ನೈಟಿಂಗೇಲಮ್ಮನವರು 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆಯನ್ನು ಸ್ಥಾಪಿಸಿದ್ದೂ, ಐಡಾ ಸ್ಕಡರಮ್ಮನವರು 1909ರಲ್ಲಿ ವೆಲ್ಲೂರಿನಲ್ಲಿ ಅಂಥದೇ ಶಾಲೆಯನ್ನು ತೆರೆದದ್ದೂ, ಕರುಣೆಗೆ ಕಣ್ಣು ಕೊಡುವದಕ್ಕಾಗಿಯೇ.

ಹಾಗಾದರೆ ದಾರಿಗಳು ಯಾವವು? ಪಿ.ಯು.ಸಿ. ಮುಗಿದ ಮೇಲೆ ಎರಡು ವರುಷದ ಎ.ಎನ್.ಎಂ. ಉಂಟು, ಇದು ಸ್ತ್ರೀಯರಿಗೆ ಮಾತ್ರ. ಮೂರು ವರುಷದ ಜಿ.ಎನ್.ಎಂ. ಉಂಟು. ನಾಲ್ಕು ವರುಷದ ಬಿ.ಎಸ್ಸಿ. ನರ್ಸಿಂಗ್ ಪದವಿಯುಂಟು. ಮೊದಲಿನ ಎರಡಕ್ಕೆ ಕಲಾ ವಿಭಾಗದವರೂ ಸೇರಬಹುದು, ಪದವಿಗಾದರೋ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇವು ಅವಶ್ಯ. ಆದಕಾರಣ ಹತ್ತನೆಯ ತರಗತಿ ಮುಗಿದ ಬೇಸಿಗೆಯಲ್ಲಿಯೇ ಈ ಬಾಗಲು ತೆರೆಯುವದು ಇಲ್ಲವೆ ಮುಚ್ಚುವದು. ಆದರೂ ಜಿ.ಎನ್.ಎಂ. ಮುಗಿಸಿದವರು ಮತ್ತೆರಡು ವರುಷ ಓದಿ ಪದವಿಯನ್ನು ಹೊಂದಬಹುದು.

ಎಲ್ಲರೂ ಉದ್ದದ ದಾರಿಯನ್ನೇ ಹಿಡಿಯಬೇಕೋ? ಹಾಗಲ್ಲ. ಸಂಡೂರಿನ ಗುಡ್ಡದ ಹಳ್ಳಿಯಲ್ಲಿ ಗರ್ಭಿಣಿಯನ್ನು ವಿಚಾರಿಸಿ, ಕೂಸಿಗೆ ಲಸಿಕೆ ಹಾಕುವ ಎ.ಎನ್.ಎಂ. ಸಹೋದರಿಯ ಕೆಲಸವು ಚಿಕ್ಕದಲ್ಲ. ಚಿಕ್ಕ ದಾರಿಯು ಬೇರೆ, ಕಳ್ಳದಾರಿಯು ಬೇರೆ. 1947ರ ಕಾಯಿದೆಯಿಂದುಂಟಾದ ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಕಲಿಸದ, ರಾಜ್ಯದ ಪರಿಷತ್ತಿನಲ್ಲಿ ಹೆಸರು ದಾಖಲಾಗದ ಶಿಕ್ಷಣವು ಕಳ್ಳದಾರಿಯೇ. ಶುಲ್ಕ ಕಟ್ಟುವ ಮೊದಲು ಈ ಮಾನ್ಯತೆಯನ್ನೂ, ಅಭ್ಯಾಸಕ್ಕೆ ನಿಜವಾದ ಆಸ್ಪತ್ರೆಯಿದೆಯೋ ಎಂಬದನ್ನೂ ವಿಚಾರಿಸಿರಿ.

“ಸಂಬಳಕ್ಕಾಗಿ ಮಾಡುವದು ಸೇವೆಯಾದೀತೇ?” ಎಂದು ಕೆಲವರು ಅನ್ನುವರು. ಸಮಾರ್ಯದವನು ಗಾಯ ಕಟ್ಟಿದ ಮೇಲೆ ಛತ್ರದವನ ಕೈಗೆ ಹಣ ಕೊಟ್ಟೇ ಆರೈಕೆಯನ್ನು ಒಪ್ಪಿಸಿದನಲ್ಲವೇ? ಕೂಲಿಯು ಸೇವೆಯನ್ನು ಕೆಡಿಸುವದಿಲ್ಲ, ಅರೆಗಲಿಕೆಯು ಕೆಡಿಸುವದು.

ಆ ತಂದೆಯು ಬಹಳ ಹೊತ್ತು ಸುಮ್ಮನಿದ್ದು, “ನನ್ನ ಮಗಳೇ ಹಾಸಿಗೆ ಹಿಡಿದಿದ್ದರೆ, ಆರು ತಿಂಗಳು ಕಲಿತವಳ ಕೈಗೆ ಅವಳನ್ನು ನಾನು ಕೊಡುತ್ತಿರಲಿಲ್ಲ” ಎಂದನು. ನಾನು ಹೇಳಬೇಕೆಂದಿದ್ದದ್ದನ್ನು ಅವನೇ ಹೇಳಿದ್ದನು. ಹುಡುಗಿಯು ಈಗ ಹೊಸಪೇಟೆಯಲ್ಲಿ ವಿಜ್ಞಾನ ಓದುತ್ತಿದ್ದಾಳೆ.